ಚಳಿಯ ಲೆಕ್ಕ ಲೀಡ್ಸ್‌ಗೆ, ಬೇಸಿಗೆಯ ಲೆಕ್ಕ ಬೀದರಿಗೆ

ಸಣ್ಣ ಕಳ್ಳಿ ಬೆಳೆಸುವುದು ಹೇಗೆಂದು ಹೇಳುವ ಇಂಗ್ಲಿಷ್ ಪುಸ್ತಕ ತೆರೆದರೆ, ಗಿಡದ ಹೆಸರಿನ ಹತ್ತಿರವೇ ಒಂದು ಅಂಕಿ ಇರುತ್ತದೆ. ಎಷ್ಟು ಚಳಿಯವರೆಗೆ ಅದು ಬದುಕುತ್ತದೆ ಎಂಬ ಲೆಕ್ಕ ಅದು. ನಾನು ಈಗ ಇರುವ ಲೀಡ್ಸ್‌ನಲ್ಲಿ ಕಳ್ಳಿ ಕೂಡಿಡುವವರು ಮೊದಲು ಕೇಳುವುದೇ ಅದನ್ನು. ಆದರೆ ಬೀದರ್, ಕಲಬುರಗಿಯಲ್ಲಿ ಆ ಅಂಕಿ ನೆಚ್ಚಿಕೊಂಡು ಗಿಡ ಉಳಿಸಲು ಆಗುವುದಿಲ್ಲ. ನಮ್ಮ ಕಡೆ ಬೇಕಾದದ್ದು ಬೇಸಿಗೆಯ ಲೆಕ್ಕ. ಅದರಲ್ಲೂ ಬೇಸಿಗೆ ರಾತ್ರಿಯ ಲೆಕ್ಕ.

ಇಲ್ಲಿಯವರ ಕ್ರಮ ಸುಮ್ನೆ ಹುಟ್ಟಿದ್ದಲ್ಲ. ಡಿಸೆಂಬರಿನಲ್ಲಿ ಲೀಡ್ಸ್‌ನ ಹಗಲು ಏಳೂವರೆ ತಾಸಿನಷ್ಟು. ಅದರಲ್ಲೂ ಮೋಡವೇ ಜಾಸ್ತಿ. ಅಕ್ಟೋಬರ್ ಬಂತೆಂದರೆ ನೀರು ನಿಲ್ಲಿಸುತ್ತಾರೆ, ಮತ್ತೆ ಹಾಕುವುದು ಮಾರ್ಚ್ ಹೊತ್ತಿಗೆ. ನೀರಿಲ್ಲದ ಕಳ್ಳಿ ಕುಗ್ಗುತ್ತದೆ, ಒಳಗಿನ ರಸ ಮಂದವಾಗುತ್ತದೆ, ಹಾಗಾಗಿ ಬೇಗ ಹೆಪ್ಪುಗಟ್ಟುವುದಿಲ್ಲ. ಎಸ್ಕೊಬೇರಿಯಾ ವಿವಿಪಾರಾ ಎಂಬ ಮುಷ್ಟಿಯಷ್ಟು ಗಿಡ ಕೆನಡಾದ ಬಯಲಿನಲ್ಲಿ ಹಿಮದ ಕೆಳಗೆ ಚಳಿಗಾಲ ಕಳೆಯುತ್ತದೆ. ಅದನ್ನೇ ಇಂಗ್ಲೆಂಡಿನ ಹಿತ್ತಲಿನಲ್ಲಿ ಮಳೆಗೆ ಬಿಟ್ಟರೆ ಕೊಳೆಯುವ ಭಯ. ಇಲ್ಲಿ ಕೆನಡಾದಷ್ಟು ಚಳಿ ಇಲ್ಲ, ತೇವ ಮಾತ್ರ ವಿಪರೀತ. ಅಂದರೆ ಆ ಅಂಕಿ ಒಣಗಿದ ಗಿಡಕ್ಕೆ ಮಾತ್ರ ನಿಜ. ಅಮೆರಿಕದ ಕೃಷಿ ಇಲಾಖೆಯ ಚಳಿ ವಲಯಗಳ ನಕ್ಷೆಯೂ ಅಷ್ಟೇ. ಪ್ರತಿ ವರ್ಷದ ಅತಿ ಚಳಿಯ ರಾತ್ರಿಯನ್ನು ತೆಗೆದುಕೊಂಡು ಸರಾಸರಿ ಹಾಕುತ್ತದೆ. ಮಳೆ, ತೇವ, ಬಿಸಿಲು ಅದರ ಲೆಕ್ಕಕ್ಕೆ ಬರುವುದಿಲ್ಲ.

ಈಗ ಬೀದರ್ ನೋಡಿ. ಕರ್ನಾಟಕದಲ್ಲಿ ಚಳಿಗೆ ಹೆಸರಾದ ಊರು. ಡಿಸೆಂಬರ್, ಜನವರಿಯಲ್ಲಿ ಕೆಲವು ದಿನ ನಸುಕಿನ ಹೊತ್ತು ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಆದರೆ ಹಗಲು ಹನ್ನೊಂದು ತಾಸು, ಗಾಳಿ ಒಣ, ಆಕಾಶ ತಿಳಿ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ರೆಬುಟಿಯಾ, ಲೊಬಿವಿಯಾ ಎಂಬ ಸಣ್ಣ ಕಳ್ಳಿಗಳಿಗೆ ಇದಕ್ಕಿಂತ ಒಳ್ಳೆಯ ಕಾಲ ನಮ್ಮಲ್ಲಿ ಬೇರೆ ಇಲ್ಲ. ಪುಸ್ತಕ ಮಾತ್ರ ಈಗ ನೀರು ಹಾಕಬೇಡ ಎನ್ನುತ್ತದೆ! ಕಳ್ಳಿ ಹಗಲು ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ, ಬೇಕಾದ ಇಂಗಾಲದ ಡೈಆಕ್ಸೈಡ್ ಆಗಲೇ ಎಳೆದುಕೊಳ್ಳುತ್ತದೆ. ಅದಕ್ಕೆ ರಾತ್ರಿ ತಂಪಿರಬೇಕು. ಕಲಬುರಗಿಯ ಮೇ ತಿಂಗಳಲ್ಲಿ ಹಗಲು 42 ಡಿಗ್ರಿ ದಾಟುತ್ತದೆ, ಮಾಳಗಿಯ ಕಲ್ಲು ನಡುರಾತ್ರಿಯಾದರೂ ಕಾವು ಬಿಡುವುದಿಲ್ಲ. ಆಗ ಬೆಟ್ಟದ ಕಳ್ಳಿ ಬೆಳೆಯುವುದು ನಿಲ್ಲಿಸುತ್ತದೆ. ಆ ಹೊತ್ತಿನಲ್ಲಿ ಪಾಪ ಒಣಗಿದೆ ಎಂದು ನೀರು ಸುರಿದರೆ ಬೇರು ಕೊಳೆಯುತ್ತದೆ. ನಮ್ಮ ಕಡೆ ಅದರ ನಿದ್ದೆಯ ಕಾಲ ಏಪ್ರಿಲ್, ಮೇ. ನೆರಳು ಕೊಡಿ, ನೀರು ಹಿಡಿದು ಹಾಕಿ. ನವೆಂಬರಿನಿಂದ ಫೆಬ್ರುವರಿವರೆಗೆ ಬೆಳೆಯಲು ಬಿಡಿ.

ಇಂಗ್ಲೆಂಡಿನಲ್ಲಿ ಹೀಟರ್ ಇಟ್ಟು ಕಾಯುವ ಮೆಲೊಕ್ಯಾಕ್ಟಸ್ ಎಂಬ ಕಳ್ಳಿಗೆ ನಮ್ಮಲ್ಲಿ ಆ ಆರೈಕೆಯೇ ಬೇಡ. ಮೆಕ್ಸಿಕೋದ ಎತ್ತರದ ನಾಡಿನ ಮ್ಯಾಮಿಲೇರಿಯಾ ಕಳ್ಳಿಗಳಿಗೆ ಮಳೆ ಬರುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್. ಯಾದಗಿರಿಗೂ ಅದೇ ಹೊತ್ತಿಗೆ ಅಲ್ವಾ? ತೊಂದರೆ ಮಳೆಯದ್ದಲ್ಲ, ಎರೆಮಣ್ಣಿನದ್ದು. ಅದು ನೀರು ಹಿಡಿದರೆ ವಾರಗಟ್ಟಲೆ ಬಿಡದು. ಗರಸು, ಇಟ್ಟಿಗೆ ಚೂರು, ದಪ್ಪ ಮರಳು ಕಲಸಿದರೆ ಸಾಕು. ಬೀದರಿನ ಕೆಂಪು ಜಂಬಿಟ್ಟಿಗೆಯ ಪುಡಿ ಇನ್ನೂ ಒಳ್ಳೆಯದು.

ಹಾಗಂತ ಆ ಪುಸ್ತಕಗಳು ಬೇಡ ಎನ್ನುತ್ತಿಲ್ಲ. ಹೆಸರಿನ ವಿಷಯದಲ್ಲಿ ಅವಿಲ್ಲದೆ ಒಂದು ಹೆಜ್ಜೆ ಇಡಲಾಗದು. ಅಮೆರಿಕದ ಸಸ್ಯಶಾಸ್ತ್ರಜ್ಞರಾದ ಬ್ರಿಟನ್ ಮತ್ತು ರೋಸ್ ಕಳ್ಳಿಗಳ ಬಗ್ಗೆ 1919ರಿಂದ 1923ರವರೆಗೆ ತಂದ ನಾಲ್ಕು ಸಂಪುಟಗಳು ಈಗ ಇಂಟರ್ನೆಟ್‌ನಲ್ಲಿ ಉಚಿತ. ಮೇರಿ ಈಟನ್ ಬರೆದ ಬಣ್ಣದ ಚಿತ್ರಗಳಿಗಾಗಿಯಾದರೂ ನೋಡಬೇಕು. ಆಂಡರ್ಸನ್‌ರ 2001ರ ದೊಡ್ಡ ಪುಸ್ತಕ, ಹಂಟ್ ಮತ್ತು ಸಂಗಡಿಗರ 2006ರ ಕೋಶ ಇವೆರಡೂ ಲೊಬಿವಿಯಾವನ್ನು ಎಕಿನಾಪ್ಸಿಸ್ ಎಂಬ ಇನ್ನೊಂದು ಕುಲದ ಒಳಗೆ ಸೇರಿಸುತ್ತವೆ. ಹಳೆಯ ಕಾಲದ ಜರ್ಮನ್ ಕಳ್ಳಿ ತಜ್ಞ ಬ್ಯಾಕೆಬರ್ಗ್ ಅದನ್ನು ಬೇರೆಯೇ ಇಟ್ಟಿದ್ದ. ಹಳೆಯ ಹೆಸರನ್ನು ಕುಂಡದ ಚೀಟಿಯಿಂದ ಅಳಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿಯವರಿಂದ ಕಲಿಯಬೇಕಾದದ್ದು ಈ ಚೀಟಿಯನ್ನೇ. ಗಿಡದ ಹೆಸರು, ಬೀಜ ತಂದ ಬೆಟ್ಟ, ಸಂಗ್ರಹಿಸಿದವರ ನಂಬರು, ಎಲ್ಲ ಕುಂಡದಲ್ಲೇ ಇರುತ್ತದೆ. ಯಾವ ಎತ್ತರದಿಂದ ಬಂದ ಗಿಡ ಎಂದು ಗೊತ್ತಾದರೆ ಅದು ಕಲಬುರಗಿಯ ಮೇ ತಡೆಯುತ್ತದೋ ಇಲ್ಲವೋ ಎಂದು ಅರ್ಧ ಊಹಿಸಬಹುದು. ನಮ್ಮಲ್ಲಿ ಪ್ರೀತಿಯಿಂದ ಮರಿ ಕಿತ್ತು ಕೊಡುತ್ತಾರೆ, ಹೆಸರು ಕೊಡುವುದಿಲ್ಲ. ಚದುರಗಳ್ಳಿ, ಡಬ್ಬಗಳ್ಳಿ ಎರಡೂ ಒಂದೇ ಜಾತಿ ಎಂದು ಬಿಡುತ್ತಾರೆ. ಮೊದಲನೆಯದು ನಮ್ಮ ನೆಲದ್ದೇ, ಹೆಸರಿನಲ್ಲಿ ಕಳ್ಳಿ ಇದ್ದರೂ ಕ್ಯಾಕ್ಟಸ್ ಅಲ್ಲವೇ ಅಲ್ಲ. ಎರಡನೆಯದು ಅಮೆರಿಕದಿಂದ ಬಂದದ್ದು.

ಬೀದರಿನಲ್ಲಿರುವ ನಮ್ಮ ಕಾಕಾ ಮಾಳಗಿ ಮೇಲೆ ಕುಂಡ ಇಟ್ಟುಕೊಂಡಿದ್ದಾರೆ. ನಾನು ಫೋನಿನಲ್ಲಿ ಪುಸ್ತಕದ ಅಂಕಿ ಓದಿ ಹೇಳಿದರೆ ಅವರು ಕೇಳುವುದು ಒಂದೇ: "ಏನಪಾ, ಚಳಿ ಅವ್ರು ಬರ್ದಾರ. ನಮ್ಮ ಬ್ಯಾಸಿಗಿ ಯಾರ್ ಬರೀಬೇಕು?" ನಾವೇ ಬರೆಯಬೇಕು, ಕನ್ನಡದಲ್ಲೇ. ಯಾದಗಿರಿಯಲ್ಲಿ ಯಾರಾದರೂ ರೆಬುಟಿಯಾವನ್ನು ಬೇಸಿಗೆ ದಾಟಿಸಿದ್ದರೆ, ಎಂಥ ನೆರಳು, ಎಷ್ಟು ದಿನಕ್ಕೊಮ್ಮೆ ನೀರು, ಯಾವ ಮಣ್ಣು, ರಾತ್ರಿ ಎಷ್ಟು ಡಿಗ್ರಿ ಇತ್ತು ಎಂದು ಬರೆದಿಡಿ. ಸತ್ತ ಗಿಡದ್ದೂ ಬರೆಯಿರಿ.