ಹೇಳದೆ ಕೇಳದೆ ಡೇಟಾಬೇಸ್ ಅಪ್‌ಗ್ರೇಡ್ ಮಾಡಿದವರಿಗೆ

ಹೋಸ್ಟಿಂಗ್ ಕಂಪನಿಯವರೇ, ಸರ್ವರ್ ನಿಮ್ಮದು, ಒಪ್ಪಿದೆ. ಅದರ ಮೇಲೆ ನಡೆಯುವ ಕೆಲಸ ನಮ್ಮದು ಅಲ್ವಾ? ವಾರದ ಕೊನೆಗೆ ರಾತ್ರೋರಾತ್ರಿ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್‌ನ 8.0 ತೆಗೆದು 8.4 ಹಾಕಿದ್ದೀರಿ. ಒಂದು ಇಮೇಲ್ ಇಲ್ಲ, ಒಂದು ಮೆಸೇಜ್ ಇಲ್ಲ. ಸೋಮವಾರ ಬೆಳಗ್ಗೆ ಸಹಕಾರ ಸಂಘದ ಕೌಂಟರ್ ಮುಂದೆ ಜನ ನಿಂತಿದ್ದಾರೆ. ಸಾಲದ ಕಂತು ಕಟ್ಟಲು ಹಳ್ಳಿಗಳಿಂದ ಬಸ್ ಹಿಡಿದು ಬಂದವರು. ರಸೀದಿ ಬರುತ್ತಿಲ್ಲ. ಬೈಗುಳ ತಿಂದವಳು ಕೌಂಟರಿನಲ್ಲಿ ಕೂತ ಹುಡುಗಿ. ಅವಳದೇನು ತಪ್ಪು?

ಇದು ಯಾರಿಗೂ ಗೊತ್ತಿಲ್ಲದ ವಿಷಯ ಆಗಿದ್ದರೆ ಸುಮ್ಮನಿರುತ್ತಿದ್ದೆ. 2018ರಲ್ಲಿ 8.0 ಬಂದಾಗಲೇ ಲಾಗಿನ್ ವಿಧಾನ ಬದಲಾಗಿತ್ತು. ಪ್ರೋಗ್ರಾಂಗಳು ಡೇಟಾಬೇಸಿಗೆ ಲಾಗಿನ್ ಆಗುವ ಹೊಸ ಖಾತೆಗಳಿಗೆ ಕ್ಯಾಶಿಂಗ್ ಶಾ2 ಪಾಸ್‌ವರ್ಡ್ ಅನ್ನುವ ವಿಧಾನ ಬಂತು. ಹಳೆಯ ನೇಟಿವ್ ಪಾಸ್‌ವರ್ಡ್ ವಿಧಾನದ ಖಾತೆಗಳು, ನಮ್ಮದೂ ಸೇರಿ, ಹಾಗೇ ನಡೆಯುತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಬಂದ 8.4ರಲ್ಲಿ ಆ ಹಳೆಯ ವಿಧಾನವನ್ನೇ ಆಫ್ ಮಾಡಿಟ್ಟರು. ಅದೇ ವರ್ಷ ಜುಲೈನಲ್ಲಿ ಬಂದ 9.0ರಲ್ಲಿ ಪೂರ್ತಿ ಕಿತ್ತೇ ಹಾಕಿದರು. ಎಲ್ಲವೂ ಮೊದಲೇ ಬರೆದು ತಿಳಿಸಿದ್ದು.

ಅಪ್‌ಗ್ರೇಡ್‌ಗೆ ಮುಂಚೆ ಖಾತೆಗಳ ವಿವರ ಇರುವ ಯೂಸರ್ ಟೇಬಲ್ ಮೇಲೆ ಒಂದು ಕ್ವೆರಿ ಓಡಿಸಿದ್ದರೆ ಸಾಕಿತ್ತು. ಯಾವ ಯಾವ ಖಾತೆಗೆ ಬಾಗಿಲು ಮುಚ್ಚುತ್ತದೆ ಅಂತ ಪಟ್ಟಿಯೇ ಸಿಗುತ್ತಿತ್ತು. ಆ ಟೇಬಲ್ ನೋಡುವ ಪರ್ಮಿಷನ್ ನಮಗಿಲ್ಲ, ನಿಮಗೆ ಮಾತ್ರ ಇರುವುದು. ಸದ್ಯಕ್ಕೆ ಕೆಲಸ ನಡೆಯಲಿ ಅಂದರೆ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಹಾಕಿ ಹಳೆಯ ವಿಧಾನವನ್ನು ಆನ್ ಮಾಡಬಹುದಿತ್ತು. ಆ ಫೈಲೂ ನಿಮ್ಮ ಕೈಯಲ್ಲೇ ಇದೆ.

ನಿಮ್ಮ ಸಪೋರ್ಟ್ ಏನು ಹೇಳಿತು? 'ಪಾಸ್‌ವರ್ಡ್ ಸರಿ ಇದೆಯಾ ನೋಡಿ ಸರ್.' ಹಳೆಯ ಲಾಗಿನ್ ವಿಧಾನದ ಪ್ಲಗಿನ್ ಲೋಡ್ ಆಗಿಲ್ಲ, ಎರರ್ 1524 ಅಂತ ಲಾಗ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ. ಅದರ ಸ್ಕ್ರೀನ್‌ಶಾಟ್ ಮೊದಲ ಟಿಕೆಟ್‌ನಲ್ಲೇ ಹಾಕಿದ್ದೇನೆ. ಓದಿದವರು ಯಾರೂ ಇಲ್ಲ. ಬ್ರೌಸರ್ ಕ್ಯಾಶ್ ತೆಗೆಯಿರಿ ಅಂತ ಇನ್ನೊಬ್ಬರು.

ಇಷ್ಟಾದ ಮೇಲೆ ಮಾಡಿದ್ದು ನೋಡಿ. ನಿಮ್ಮ ಸಪೋರ್ಟ್‌ನವರು ನನ್ನನ್ನು ಕೇಳದೆ ನಮ್ಮ ಹಳೆಯ ಖಾತೆಯನ್ನೇ ಡ್ರಾಪ್ ಮಾಡಿ, ಅಂದರೆ ಅಳಿಸಿ, ಹೊಸದು ಮಾಡಿದರು. ಖಾತೆ ಹೋದರೆ ಅದರ ಪರ್ಮಿಷನ್‌ಗಳೂ ಅದರ ಜೊತೆಗೇ ಹೋಗುತ್ತವೆ. ನಮ್ಮ ಡೇಟಾಬೇಸಿನ ಡಂಪ್, ಅಂದರೆ ಬ್ಯಾಕಪ್ ಪ್ರತಿ, ತೆಗೆದಿಟ್ಟರೆ ಅದರಲ್ಲಿ ಟೇಬಲ್‌ಗಳು ಬರುತ್ತವೆ, ಗ್ರಾಂಟ್‌ಗಳು, ಅಂದರೆ ಕೊಟ್ಟ ಪರ್ಮಿಷನ್‌ಗಳು, ಬರುವುದಿಲ್ಲ. ಅವು ಇರುವುದು ಸರ್ವರಿನ ಸಿಸ್ಟಂ ಟೇಬಲ್‌ಗಳಲ್ಲಿ. ಡ್ರಾಪ್ ಮಾಡುವ ಮುಂಚೆ ಶೋ ಗ್ರಾಂಟ್ಸ್ ಕಮಾಂಡ್ ಹೊಡೆದು ಒಂದು ಫೈಲಿಗೆ ಹಾಕಿಟ್ಟುಕೊಳ್ಳಬೇಕು ಅನ್ನುವ ಕನಿಷ್ಠ ಜ್ಞಾನ ಬೇಡವಾ?

ಒಂದೊಂದು ಟೇಬಲ್‌ಗೂ ಯೋಚಿಸಿ ಕೊಡಿಸಿದ ಪರ್ಮಿಷನ್ ಅದು. ರಸೀದಿ ಟೇಬಲ್‌ನಲ್ಲಿ ಸೇರಿಸಬಹುದು, ನೋಡಬಹುದು, ಅಳಿಸುವ ಹಾಗಿಲ್ಲ. ಬಡವರ ದುಡ್ಡಿನ ಲೆಕ್ಕ ಅದು. ಪ್ರೋಗ್ರಾಂನಲ್ಲಿ ಏನೇ ಎಡವಟ್ಟಾದರೂ ಒಂದು ರಸೀದಿಯೂ ಮಾಯವಾಗಬಾರದು ಅಂತ ಕಟ್ಟಿದ ಬೇಲಿ. ಒಂದೇ ಕಮಾಂಡಿಗೆ ಕಿತ್ತು ಬಿಸಾಡಿದರು.

ಹೊಸ ಖಾತೆಯೂ ಸೀದಾ ನಡೆಯಲಿಲ್ಲ. ನಮ್ಮ ಪ್ರೋಗ್ರಾಂ ಓಡುವುದು ಪಿಎಚ್‌ಪಿ ಭಾಷೆಯಲ್ಲಿ. ಅದರ 7.2ಕ್ಕೆ ಹೊಸ ಲಾಗಿನ್ ವಿಧಾನ ಅರ್ಥವಾಗುವುದಿಲ್ಲ, 7.4ರಿಂದ ಮೇಲೆ ಬೇಕು. 'ಹಳೆಯ ಪಿಎಚ್‌ಪಿ ಇಟ್ಟುಕೊಂಡಿದ್ದು ನಿಮ್ಮದೇ ತಪ್ಪು' ಎಂದು ನನಗೇ ಹೇಳಿದರು. ಆ 7.2 ಇವತ್ತಿಗೂ ನಿಮ್ಮ ಪ್ಯಾನೆಲ್‌ನಲ್ಲಿ ಇದೆ, ಬೇಕಾದವರು ಆರಿಸಿಕೊಳ್ಳಬಹುದು. ಸರಿ, ಬದಲಾಯಿಸಿದೆ. ರಸೀದಿ ಬಂತು, ಬಡ್ಡಿಯ ವರದಿ ಬರಲಿಲ್ಲ. ಎರರ್ 1449, ಡಿಫೈನರ್ ಇಲ್ಲ, ಅಂದರೆ ವರದಿಯ ಕೋಡ್ ಯಾವ ಖಾತೆಯ ಹೆಸರಲ್ಲಿದೆಯೋ ಆ ಖಾತೆಯೇ ಇಲ್ಲ. ಹಳೆಯ ಖಾತೆ ಲೋಕಲ್‌ಹೋಸ್ಟ್‌ಗೆ, ಅಂದರೆ ಅದೇ ಸರ್ವರಿಗೆ, ಸೇರಿದ್ದು. ಹೊಸದನ್ನು ಇವರು ಲೋಕಲ್‌ಹೋಸ್ಟ್ ಜಾಗದಲ್ಲಿ ಪರ್ಸೆಂಟ್ ಗುರುತು ಹಾಕಿ ಮಾಡಿದ್ದಾರೆ. ಹೆಸರು ಒಂದೇ ಆದರೂ ಮೈಎಸ್‌ಕ್ಯೂಎಲ್‌ಗೆ ಅವು ಬೇರೆ ಬೇರೆ ಖಾತೆ. ಹಳೆಯ ಖಾತೆಯ ಹೆಸರಲ್ಲಿ ಡೇಟಾಬೇಸಿನೊಳಗೆ ಬರೆದಿಟ್ಟಿದ್ದ ಕೋಡ್, ಅಂದರೆ ವ್ಯೂ, ಪ್ರೊಸೀಜರ್ ಎಲ್ಲ ಅನಾಥ. ಒಂದೊಂದನ್ನೇ ಮತ್ತೆ ಬರೆದಿದ್ದು ನಾನು.

ಪರ್ಸೆಂಟ್ ಅಂದರೆ ಏನು ಗೊತ್ತಲ್ಲ? ಯಾವ ಮೆಷಿನ್‌ನಿಂದ ಬೇಕಾದರೂ ಲಾಗಿನ್ ಆಗಲು ಪ್ರಯತ್ನಿಸಬಹುದು. ಅದಕ್ಕೇ ನಮ್ಮ ಡೇಟಾಬೇಸಿನ ಎಲ್ಲ ಪರ್ಮಿಷನ್ ಕೊಟ್ಟಿದ್ದಾರೆ. ಅಳಿಸುವುದೂ ಸೇರಿ, ಟೇಬಲ್ ಡ್ರಾಪ್ ಮಾಡುವುದೂ ಸೇರಿ. ಇದ್ಯಾಕೆ ಹೀಗೆ ಅಂತ ಕೇಳಿದರೆ, 'ಇನ್ನು ನಿಮಗೆ ಪರ್ಮಿಷನ್ ಪ್ರಾಬ್ಲಂ ಬರಲ್ಲ ಸರ್' ಅನ್ನುತ್ತಾರೆ. ಮೈ ಉರಿಯುತ್ತದೆ.

ತೊಂದರೆ ಮಾಡಿ ಆಮೇಲೆ ಸರಿ ಮಾಡುವುದು ಒಂದು. ತೊಂದರೆ ಮಾಡಿ, ಬಾಗಿಲು ಪೂರ್ತಿ ತೆಗೆದಿಟ್ಟು, ಟಿಕೆಟ್ ಮೇಲೆ 'ಪರಿಹಾರವಾಗಿದೆ' ಅಂತ ಬರೆಯುವುದು ಇನ್ನೊಂದು. ಆ ಟಿಕೆಟ್ಟನ್ನು ಮತ್ತೆ ತೆರೆದಿದ್ದೇನೆ. ಟೇಬಲ್‌ವಾರು ಪರ್ಮಿಷನ್ ಪಟ್ಟಿ ಹಾಕಿದ್ದೇನೆ. ಆ ಪರ್ಸೆಂಟ್ ಖಾತೆ ತೆಗೆದುಹಾಕುವ ತನಕ ಟಿಕೆಟ್ ಮುಚ್ಚಲು ಬಿಡುವುದಿಲ್ಲ.