ಹೆಸರಿಲ್ಲದ ಲೋಟ

ಹೋದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಮಧ್ಯಮ ವರ್ಗದ ಬದುಕನ್ನು ಇದ್ದ ಹಾಗೇ ತೋರಿಸಿದ್ದಾರೆ ಅಂತ ಕಂಡವರೆಲ್ಲ ಹೊಗಳಿದ್ದ ಸಿನಿಮಾ. ಮನೆ ಯಜಮಾನ ಬೆತ್ತದ ಕುರ್ಚಿಯಲ್ಲಿ ಕೂತು, ಮಗಳ ಫೀಸಿನ ಚಿಂತೆಯನ್ನೆಲ್ಲ ಮುಖದ ಮೇಲೆ ಹೊತ್ತು, ಸ್ಟೀಲ್ ಲೋಟ ಎತ್ತಿ ಕಾಫಿಯ ಕೊನೇ ಗುಟುಕು ಕುಡಿದ. ಹಿಂದೆ ಕೊಳಲು. ನನಗೂ ಗಂಟಲು ಕಟ್ಟಿತ್ತು. ಅಷ್ಟರಲ್ಲಿ ಅಮ್ಮ, "ಲೋಟದ ತಳದಲ್ಲಿ ಸ್ಟಿಕರ್ ಹಂಗೇ ಇದೆಯಲ್ಲೋ" ಅಂದರು.

ಇತ್ತು. ಅಂಗಡಿಯವರು ಅಂಟಿಸಿದ ಬಿಳಿ ಚೀಟಿ, ಮೂಲೆ ಸ್ವಲ್ಪ ಎದ್ದಿದ್ದು.

ನಮ್ಮ ಮಟ್ಟಿಗೆ ಸಿನಿಮಾ ಅಲ್ಲಿಗೇ ಮುಗಿಯಿತು. ಅದು ಇನ್ನೂ ಒಂದೂವರೆ ಗಂಟೆ ಓಡಿತು, ನಾವು ತಪ್ಪು ಹುಡುಕುತ್ತಾ ಕೂತೆವು. ಗೋಡೆ ಮೇಲೆ ಕ್ಯಾಲೆಂಡರ್ ಇದೆ, ಅದರಲ್ಲಿ ಹಾಲಿನ ಲೆಕ್ಕ ಇಲ್ಲ. ಫ್ರಿಜ್ ಹಿಡಿಗೆ ಬಟ್ಟೆ ಇಲ್ಲ. ಎರಡು ಗಂಟೆಯ ಸಿನಿಮಾದಲ್ಲಿ ಒಬ್ಬರಾದರೂ "ನೀರು ಬಂತಾ" ಅಂತ ಕೇಳಲಿಲ್ಲ. ತುಮಕೂರಲ್ಲಿ ಇದು ಹೇಗೆ ಸಾಧ್ಯ ಹೇಳಿ? ಬುಗುಡನಹಳ್ಳಿ ಕೆರೆಗೆ ಹೇಮಾವತಿ ಎಷ್ಟು ಬಂದಿದೆ ಅನ್ನೋದು ನಮ್ಮಲ್ಲಿ ಬೀಗರ ಯೋಗಕ್ಷೇಮಕ್ಕಿಂತ ಮೊದಲು ವಿಚಾರಿಸುವ ವಿಷಯ.

ಪಕ್ಕದ ಮನೆ ಅಂಕಲ್ ಕೂಡ ಬಂದು ಕೂತರು. ಅವರು ನಮ್ಮೂರ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ದುಡಿದವರು. ಫ್ಯಾಕ್ಟರಿ ಮುಚ್ಚಿ, ಜಾಗ ಇಸ್ರೋಗೆ ಹೋಗಿ ವರ್ಷಗಳಾದವು, ಆದರೆ ಯಾರ ಮಣಿಕಟ್ಟು ಕಂಡರೂ ಅವರ ಕಣ್ಣು ಈಗಲೂ ಮೊದಲು ಅಲ್ಲಿಗೇ ಹೋಗುತ್ತೆ. ಸಿನಿಮಾದ ಅಪ್ಪನ ಕೈಯಲ್ಲೂ ಎಚ್‌ಎಂಟಿನೇ. ಬಡ ಅಪ್ಪ ಅಂದ ಮೇಲೆ ಎಚ್‌ಎಂಟಿ ಕಟ್ಟಲೇಬೇಕು ಅಂತ ನಿರ್ದೇಶಕರು ತೀರ್ಮಾನ ಮಾಡಿಬಿಟ್ಟಿದ್ದಾರಲ್ಲ. ಅಂಕಲ್ ಸ್ವಲ್ಪ ಹೊತ್ತು ನೋಡಿ, "ಜನತಾ ಅದು. ದಿನಾ ಕೀ ಕೊಡಬೇಕು. ಇವನು ಕೊಟ್ಟೇ ಇಲ್ಲ" ಅಂದರು. ನಿಜ. ಬೆಳಗಿನ ಕಾಫಿಗೂ ಹತ್ತು ಗಂಟೆ ಹತ್ತು ನಿಮಿಷ, ಆಸ್ಪತ್ರೆಯಲ್ಲಿ ರಾತ್ರಿ ಅಳುವಾಗಲೂ ಹತ್ತು ಗಂಟೆ ಹತ್ತು ನಿಮಿಷ.

ಆದರೂ ನನ್ನ ತಲೆಯಲ್ಲಿ ಕೂತಿದ್ದು ಆ ಲೋಟ. ಸ್ಟಿಕರ್‌ನಾದರೂ ಕ್ಷಮಿಸಬಹುದಿತ್ತು, ಅದರ ಮೇಲೆ ಹೆಸರೇ ಇರಲಿಲ್ಲ. ನಮ್ಮ ಮನೆಯಲ್ಲಿ ಹೆಸರಿಲ್ಲದ ಪಾತ್ರೆ ಅಂದರೆ ಕುಕ್ಕರ್ ಒಂದೇ. ಅಮ್ಮ ಮಂಡಿಪೇಟೆ ಕಡೆ ಪಾತ್ರೆ ಕೊಂಡರೆ ಅಲ್ಲೇ ನಿಂತು ಹೆಸರು ಹಾಕಿಸಿಕೊಂಡೇ ಬರುವುದು. ಅಂಗಡಿ ಹುಡುಗ ಪೆನ್ನಿನಂಥ ಮಿಷನ್ ಹಿಡಿದು ಗಿರ್ರ್ ಅಂತ ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತಿದ್ದ, ಹಲ್ಲು ಜುಮ್ಮೆನ್ನುತ್ತಿತ್ತು. ಒಂದು ಸಲ ಅವನು ಅಪ್ಪನ ಇನಿಷಿಯಲ್ ತಪ್ಪು ಬರೆದ. ಅಮ್ಮ ಜಗಳ ಆಡಿ ಎರಡು ರೂಪಾಯಿ ಕಮ್ಮಿ ಮಾಡಿಸಿಕೊಂಡರು. ಆ ತಟ್ಟೆ ಇವತ್ತಿಗೂ ನನ್ನ ಪಾಲಿನದು.

ಇಷ್ಟೆಲ್ಲ ಎಚ್ಚರ ಇದ್ದ ಮನೆಯಲ್ಲಿ ಒಂದು ಡಬರಿ ಇದೆ. ಅದರ ಮೇಲೆ "ಟಿ.ಆರ್.ಎಲ್. ಗೃಹಪ್ರವೇಶ 1987" ಅಂತಿದೆ. ಟಿ.ಆರ್.ಎಲ್. ಯಾರು? ಗೊತ್ತಿಲ್ಲ. ನಾವು ಆಗ ವಠಾರದಲ್ಲಿದ್ದೆವು, ಸಾಲಾಗಿ ಆರು ಮನೆ, ನಡುವೆ ಒಂದು ನಲ್ಲಿ. ಒಂದು ಮನೆಯಲ್ಲಿ ಪಾಯಸ ಆದರೆ ಆರೂ ಮನೆಗೆ ಹೋಗುತ್ತಿತ್ತು. ಬರೀ ಪಾತ್ರೆ ವಾಪಸ್ ಕೊಡಬಾರದು ಅಂತ ಅದರಲ್ಲಿ ಸಕ್ಕರೆಯೋ ಇನ್ನೇನೋ ಹಾಕಿ ಕಳಿಸಬೇಕು, ಸಕ್ಕರೆ ತಿಂಗಳ ಕೊನೆಗೆ ಖಾಲಿ, ಆದ್ದರಿಂದ ಪಾತ್ರೆ ಒಂದನೇ ತಾರೀಕಿನವರೆಗೆ ಇಲ್ಲೇ ಇರಲಿ ಅಂತ ಎತ್ತಿಡುವುದು. ಅಷ್ಟರಲ್ಲಿ ಅವರು ಮನೆ ಬಿಟ್ಟು ಹೋಗಿರುತ್ತಿದ್ದರು. ಅಮ್ಮ ಹುಡುಕದೆ ಬಿಡಲಿಲ್ಲ. ಮದುವೆ ಮನೆ, ನಾಮಕರಣ, ಸಿದ್ಧಗಂಗೆ ಜಾತ್ರೆ, ಎಲ್ಲಿ ಹಳೇ ವಠಾರದವರು ಸಿಕ್ಕರೂ "ನಿಮಗೆ ಟಿ.ಆರ್.ಎಲ್. ಅನ್ನೋರು ಗೊತ್ತಾ?" ಅಂತ ಕೇಳುತ್ತಿದ್ದರು. ಒಮ್ಮೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಪಕ್ಕದ ಟೇಬಲ್ಲಿನ ಅಪರಿಚಿತರನ್ನೂ ಕೇಳಿ ನಮ್ಮ ಮಾನ ಕಳೆದರು. ಹುಡುಕುತ್ತಿದ್ದರು ಸರಿ, ಡಬರಿಯನ್ನು ಒಂದು ದಿನವೂ ಅಟ್ಟಕ್ಕೆ ಎತ್ತಿಡಲಿಲ್ಲ. ಸಾರಿಗೆ ಅದೇ ಆಗಬೇಕು. ತಳ ದಪ್ಪ, ಹತ್ತೋದಿಲ್ಲ.

ಇದನ್ನು ಯಾರೂ ಸಿನಿಮಾ ಮಾಡಲ್ಲ. 1990ರ ‘ಗಣೇಶನ ಮದುವೆ’ಯಲ್ಲಿ ಫಣಿ ರಾಮಚಂದ್ರ ವಠಾರ ಇಟ್ಟುಕೊಂಡೇ ಅಷ್ಟು ನಗಿಸಿದರು. ಅನಂತ್ ನಾಗ್, ವಿನಯಾ ಪ್ರಸಾದ್ ಒಂದೇ ವಠಾರದಲ್ಲಿ ಕಿತ್ತಾಡುತ್ತಾರೆ, ತಾನು ಮರುಳಾಗಿರುವ ದನಿ ಇವಳದೇ ಅಂತ ಅವನಿಗೆ ಗೊತ್ತಿಲ್ಲ. ಎಲ್ಲರೂ ಸಣ್ಣ ಬುದ್ಧಿಯವರು, ನೋಡೋಕೆ ಏನು ಖುಷಿ! ಈಗಿನ ಸಿನಿಮಾದಲ್ಲಿ ನಮ್ಮನ್ನು ದೇವರು ಮಾಡಿಟ್ಟಿದ್ದಾರೆ. ಸದಾ ತ್ಯಾಗ, ಸದಾ ಕಣ್ಣೀರು. ನೆಂಟರು ಊಟ ಮಾಡಿಕೊಂಡೇ ಬಂದಿದ್ದಾರೆ ಅಂತ ಖಾತ್ರಿಯಾದ ಮೇಲೆ "ಒಂದು ತುತ್ತು ತಿನ್ನಿ" ಅಂತ ಜೋರಾಗಿ ಒತ್ತಾಯ ಮಾಡೋರು ನಾವು, ಅದನ್ನು ತೋರಿಸಿ ನೋಡೋಣ. ಹೊರಗೆ ಬಂದವರೆಲ್ಲ "ತುಂಬಾ ಕನೆಕ್ಟ್ ಆಯ್ತು" ಅನ್ನುತ್ತಾರೆ. ಏನು ಕನೆಕ್ಟ್ ಆಯ್ತು, ಕರೆಂಟಾ? ನನಗೆ ಆ ಮಾತು ಕೇಳಿದರೇ ಮೈ ಉರಿಯುತ್ತೆ.

ಇದರಿಂದ ಮಧ್ಯಮ ವರ್ಗದ ಬಗ್ಗೆ ಏನೋ ಒಂದು ದೊಡ್ಡ ವಿಷಯ ಹೊಳೆದಿತ್ತು, ಅದಕ್ಕೇ ಬರೆಯಲು ಕೂತಿದ್ದು. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ, "ರೀ, ಆ ಡಬರಿ ಎಲ್ಲಿ?" ಅಂದಳು. ಆಮೇಲೆ ಅವಳಿಗೇ ನೆನಪಾಯಿತು. ಮೇಲಿನ ಮನೆಗೆ ಹೊಸದಾಗಿ ಬಂದವರಿಗೆ ಯುಗಾದಿ ಪಾಯಸ ಹಾಕಿ ಕೊಟ್ಟಿದ್ದಾಳೆ. ಮೂರು ವಾರ ಆಯಿತು. ಅಮ್ಮ ಆಗಲೇ ನನ್ನ ಮುಖ ನೋಡುತ್ತಿದ್ದಾರೆ. ಹೋಗಿ ಬಾಗಿಲು ತಟ್ಟಬಹುದು, ನಾಚಿಕೆ ಏನಿಲ್ಲ. ಆದರೆ ಅದು ನಮ್ಮದೇ ಅಂತ ಹೇಗೆ ಹೇಳಲಿ?