ಸತ್ಯಾಂಶ: ಪತ್ರಿಕಾರಂಗ ಸಂವಿಧಾನದ ನಾಲ್ಕನೇ ಅಂಗವೇ?

‘ಪತ್ರಿಕಾರಂಗವನ್ನು ನಾಲ್ಕನೇ ಅಂಗ ಅಂತ ಸಂವಿಧಾನವೇ ಹೇಳಿದೆ, ಪತ್ರಕರ್ತರಿಗೆ ವಿಶೇಷ ಹಕ್ಕುಗಳಿವೆ’ ಅನ್ನುವ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಇದು ತಪ್ಪು.

ಸಂವಿಧಾನದಲ್ಲಿ ಇರುವುದು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ನಾಲ್ಕನೆಯದು ಗೌರವದಿಂದ ರೂಢಿಗೆ ಬಂದ ಮಾತು, ಅಷ್ಟೇ. ಪತ್ರಿಕಾ ಸ್ವಾತಂತ್ರ್ಯಕ್ಕೆ ಬೇರೆ ವಿಧಿಯೂ ಇಲ್ಲ. 19(1)(ಎ) ವಿಧಿ ಎಲ್ಲ ನಾಗರಿಕರಿಗೂ ವಾಕ್ ಸ್ವಾತಂತ್ರ್ಯ ಕೊಡುತ್ತದೆ. ಪತ್ರಕರ್ತರು ನಿಂತಿರುವುದೂ ಅದೇ ನೆಲದ ಮೇಲೆ. ಆ ಸ್ವಾತಂತ್ರ್ಯಕ್ಕೆ 19(2)ನೇ ವಿಧಿ ಹಾಕುವ ಮಿತಿಗಳೂ ಎಲ್ಲರಿಗೂ ಒಂದೇ.

ಹಾಗಂತ ಈ ಹಕ್ಕು ಸಣ್ಣದಲ್ಲ. ‘ಕ್ರಾಸ್ ರೋಡ್ಸ್’ ಅನ್ನುವ ವಾರಪತ್ರಿಕೆ ತನ್ನ ರಾಜ್ಯದೊಳಗೆ ಬರಬಾರದು ಅಂತ ಮದ್ರಾಸ್ ಸರ್ಕಾರ ತಡೆ ಹಾಕಿತ್ತು. 1950ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅಚ್ಚು ಹಾಕಿದರೆ ಸಾಲದು, ಪತ್ರಿಕೆ ಓದುಗರ ಕೈ ಸೇರಬೇಕು, ಅದೂ ವಾಕ್ ಸ್ವಾತಂತ್ರ್ಯವೇ ಎಂದಿತು. ನನಗೆ ಇದು ತುಂಬಾ ಇಷ್ಟವಾದ ತೀರ್ಪು. ಆದರೆ ಮರುವರ್ಷವೇ ಮೊದಲ ತಿದ್ದುಪಡಿ ಬಂದು 19(2)ರ ಮಿತಿಗಳು ಜಾಸ್ತಿಯಾದವು. 1975ರ ತುರ್ತುಪರಿಸ್ಥಿತಿಯಲ್ಲಂತೂ ಸೆನ್ಸಾರ್ ಒಪ್ಪದೆ ಸುದ್ದಿ ಅಚ್ಚಾಗುವಂತಿರಲಿಲ್ಲ.

ಗಾಡಿಗೆ ‘ಪ್ರೆಸ್’ ಅಂತ ಸ್ಟಿಕ್ಕರ್ ಅಂಟಿಸಿದರೆ ಸಂಚಾರ ನಿಯಮ ಬದಲಾಗುವುದಿಲ್ಲ. ಇನ್ನು ಸರ್ಕಾರಿ ಕಡತದ ಪ್ರತಿ ಬೇಕಾದರೆ ಪ್ರೆಸ್ ಕಾರ್ಡೇ ಇರಬೇಕು ಅಂತೇನಿಲ್ಲ, ಅಲ್ವಾ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಒಂದು ಹಾಳೆಯಲ್ಲಿ ಅರ್ಜಿ, ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಲೇಬೇಕು, ಕೇಳಿದವರು ವರದಿಗಾರರಾಗಲಿ, ತರಕಾರಿ ಮಾರುವವರಾಗಲಿ.